ಶೆಟ್ಟೆಪ್ಪನ ಕಾಲು

ಬೂಟು ಬರಲಿಲ್ಲ.

ಚಂದ್ರವ್ವ ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಗಂಡನ ಗಂಬೂಟನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಶೆಟ್ಟೆಪ್ಪ ಬಾಗಿಲ ಚೌಕಟ್ಟಿಗೆ ಜೋತುಬಿದ್ದು ನಿಂತಿದ್ದ. ಹೋದ ವರ್ಷ ಅದೇ ಬೂಟು ಅವನ ಕಾಲಿಗೆ ಸಡಿಲಾಗಿ, ಒಳಗೆ ಹಳೆ ಬಟ್ಟೆ ತುರುಕಿ ಹಾಕಿಕೊಳ್ಳುತ್ತಿದ್ದ. ಈಗ ಕಾಲೇ ಉಬ್ಬಿ ಬೂಟು ತುಂಬಿಕೊಂಡಿತ್ತು. ಕೊನೆಗೆ ಮಗಳು ಸ್ನೇಹಲ್ ಹಿಂದಿನಿಂದ ಅಪ್ಪನ ಕಂಕುಳಿಗೆ ಕೈ ಹಾಕಿ ಹಿಡಿದಳು. ಚಂದ್ರವ್ವ ಮುಂದಿನಿಂದ ಎಳೆದಳು. ಬೂಟು ಕಳಚಿ ಬಂತು. ಅದರ ಜೊತೆ ನಾಲಾದ ಕಪ್ಪು ನೀರು ಅವಳ ಮಡಿಲಿಗೆ ಸುರಿಯಿತು.

ಅವಳು ಕಾಲು ತೊಳೆದಳು. ಹಿಮ್ಮಡಿಯಿಂದ ಮೊಳಕಾಲಿನವರೆಗೆ ಒಂದೇ ದಪ್ಪ. ಗಂಟು ಎಲ್ಲಿದೆ, ಎಲುಬು ಎಲ್ಲಿದೆ, ತಿಳಿಯುವಂತಿರಲಿಲ್ಲ. ಉಜ್ಜುವಾಗ ಹೆಬ್ಬೆರಳು ಒತ್ತಿದಲ್ಲಿ ಕುಳಿ ಬಿತ್ತು, ಕಲಸಿದ ಕಣಕದ ಮೇಲೆ ಬೆರಳಿಟ್ಟ ಹಾಗೆ. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು.

"ಏನೂ ಆಗಿಲ್ಲ ಬಿಡ," ಅಂದ ಶೆಟ್ಟೆಪ್ಪ. ಅಷ್ಟು ಹೇಳುವುದಕ್ಕೆ ಅವನು ನಡುವೆ ನಿಂತು ಉಸಿರು ಎಳೆದುಕೊಳ್ಳಬೇಕಾಯಿತು.

ಶೆಟ್ಟೆಪ್ಪ ನಾಲಾ ಸಫಾಯಿಯವನು. ಮಳೆಗಾಲ ಬರುವ ಮೊದಲು ಮುಂಬೈಯ ನಾಲಾಗಳ ಹೂಳು ಎತ್ತಬೇಕು, ಇಲ್ಲದಿದ್ದರೆ ದೊಡ್ಡವರ ಕಾರು ಮುಳುಗುತ್ತವೆ. ಮಷಿನ್ ಹೋಗುವಲ್ಲಿ ಮಷಿನ್ ಹೋಗುತ್ತದೆ. ಮಷಿನ್ ಹೋಗದ ಸಂದಿಯಲ್ಲಿ ಶೆಟ್ಟೆಪ್ಪ ಹೋಗುತ್ತಾನೆ. ಸೊಂಟದವರೆಗೆ ಇಳಿದು, ಹೂಳನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆತ್ತಿ ಮೇಲಿದ್ದವನಿಗೆ ಕೊಡುತ್ತಾನೆ. ಸತ್ತ ನಾಯಿ, ಒಡೆದ ಗಾಜು, ಊರಿನವರ ಹೇಲು ಉಚ್ಚೆ ಎಲ್ಲ ಅವನ ಕೈಯ ಮೇಲೆ ಹಾಯ್ದು ಹೋಗಬೇಕು. ಈ ಕೆಲಸಕ್ಕೆ ಮನುಷ್ಯರನ್ನು ಇಳಿಸುವುದಿಲ್ಲ ಎಂದು ಕಂತ್ರಾಟುದಾರ ಬರೆದುಕೊಟ್ಟಿದ್ದಾನಂತೆ. ಹಾಗಾದರೆ ಇಳಿಯುವ ಶೆಟ್ಟೆಪ್ಪ ಯಾರು? ಥೂ, ಇವರ ನ್ಯಾಯಕ್ಕಿಷ್ಟು ಬೆಂಕಿ ಹಾಕ.

ಆಸ್ಪತ್ರೆಗೆ ಹೋಗಬಹುದಿತ್ತಲ್ಲ ಅಂತ ಕೇಳುವವರು ಕೇಳುತ್ತಾರೆ. ಹೋಗಬಹುದಿತ್ತು. ಆದರೆ ಶೆಟ್ಟೆಪ್ಪನಂಥ ಕಂತ್ರಾಟು ಆಳುಗಳನ್ನು ಖಾಯಂ ಮಾಡುವ ಮಾತು ಎಷ್ಟೋ ವರ್ಷಗಳಿಂದ ನಡೆದಿತ್ತು, ಈಗ ಕೈಗೆ ಬರುವ ಹಂತದಲ್ಲಿತ್ತು. ಹಾಜರಿ ತುಂಡಾಗದವನಿಗೆ ಮಾತ್ರ ಖಾಯಂ. ಹಾಜರಿ ತುಂಡಾಗದೆ ರಜೆ ಬೇಕೆಂದರೆ ಕಂತ್ರಾಟುದಾರ ಗೊತ್ತುಮಾಡಿದ ಡಾಕ್ಟರೇ 'ಇವನಿಗೆ ಕೆಲಸ ಆಗುವುದಿಲ್ಲ' ಅನ್ನಬೇಕು. ಬೇರೆ ಆಸ್ಪತ್ರೆಯ ಚೀಟಿ ನಡೆಯುವುದಿಲ್ಲ. ಮೊದಲು ಗಾಡಿಯಲ್ಲಿ ಒಬ್ಬ ಮುದುಕ ಡಾಕ್ಟರ್ ಬರುತ್ತಿದ್ದ. ಬೈಯುತ್ತಿದ್ದ, ಆದರೆ ಅಂಗಿ ಎತ್ತಿಸಿ ಬೆನ್ನಿಗೆ ಕಿವಿ ಕೊಡುತ್ತಿದ್ದ. ಅವನನ್ನು ಬಿಡಿಸಿದರು. ಈಗ ಡಾಕ್ಟರ್ ಮೊಬೈಲಿನಲ್ಲಿ ಬರುತ್ತಾರೆ. ಆ ಮೊಬೈಲ್ ಡಾಕ್ಟರ ನಂಬರು, ಅಂದರೆ ಪಾಳಿ, ಸಿಗಬೇಕೆಂದರೆ ಆಳುಗಳ ಮೇಲಿನ ಮುಕಾದಮ್ ಭೀಮರಾಯ ತನ್ನ ಫೋನಿನಲ್ಲಿ ಒಪ್ಪಿಗೆ ಒತ್ತಬೇಕು. ಭೀಮರಾಯನೂ ವಿಜಾಪುರದ ಕಡೆಯವನೇ, ಆದರೆ ಊರೊಳಗಿನವನು. ಶೆಟ್ಟೆಪ್ಪ ಊರ ಹೊರಗಿನ ಮಾದರ ಕೇರಿಯವನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಭೀಮರಾಯನಿಗಾಗಿಯೇ ಹುಟ್ಟಿದ್ದಿರಬೇಕು. ಚಂದ್ರವ್ವ ಹೋಗಿ ಅವನ ಮುಂದೆ ನಿಂತಳು, ಸೆರಗೊಡ್ಡಿದಳು. ಅವನು ಹಲ್ಲು ಚುಚ್ಚಿಕೊಳ್ಳುತ್ತಾ ಒತ್ತಿದ. ರವಿವಾರ ಬೆಳಿಗ್ಗೆ ಅಂತ ಗೊತ್ತಾಯಿತು.

ವಡಾಲದಲ್ಲಿ ಹಾರ್ಬರ್ ಹಳಿಯ ಆಚೆ, ಬಂದರಿನ ಜಾಗದ ಗೋಡೆಗೆ ಅಂಟಿಕೊಂಡಿರುವ ಖೋಲಿಗಳಲ್ಲಿ ಒಂದು ಇವರದು. ರವಿವಾರ ಬೆಳಿಗ್ಗೆ ಆ ಖೋಲಿಯಲ್ಲಿ ಹಬ್ಬದ ಹಾಗೆ ಓಡಾಟ. ಫೋನಿನಲ್ಲಿ ಮುಖ ಕಾಣುತ್ತದೆ ಅಂದರೆ ಈ ಮಂದಿಗೆ ಒಂದೇ ಅರ್ಥ. ಊರಿನವರು ನೋಡುತ್ತಾರೆ, ಚೆನ್ನಾಗಿ ಕಾಣಬೇಕು. ಊರಿಗೆ ವಿಡಿಯೊ ಮಾಡುವಾಗ ಇವರು ಎಂದೂ ಹರಕು ಬನಿಯನ್ನಿನಲ್ಲಿ ಕೂತವರಲ್ಲ. ಮುಂಬೈಗೆ ಹೋಗಿ ಕೆಟ್ಟ ಅನ್ನಿಸಿಕೊಳ್ಳಬಾರದಲ್ಲ. ಅದೇ ರೂಢಿಯಲ್ಲಿ ಚಂದ್ರವ್ವ ಗಂಡನ ಗಡ್ಡ ಹೆರೆಸಿದಳು, ತಲೆಗೆ ಎಣ್ಣೆ ಹಚ್ಚಿದಳು, ಮುಖಕ್ಕೆ ಪೌಡರ್ ಬಡಿದಳು, ಇಸ್ತ್ರಿ ಅಂಗಿ ತೊಡಿಸಿದಳು. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ನಿದ್ದೆ ತೂಗಿದ ಮನುಷ್ಯ ಮದುವೆಗೆ ಹೊರಟವನ ಹಾಗೆ ಕಂಡ. ಅವನನ್ನು ಗುಲಾಬಿ ಬಣ್ಣದ ಗೋಡೆಗೆ ಬೆನ್ನು ಕೊಡಿಸಿ ಕೂರಿಸಿದರು. ಸ್ನೇಹಲ್ ಫೋನು ಹಿಡಿದಳು.

ಪರದೆ ಬೆಳಗಿತು.

ಅದರೊಳಗಿದ್ದವಳು ಚಂದ್ರವ್ವನಿಗೆ ಗೊತ್ತಿದ್ದ ಹುಡುಗಿ. ಚಂದ್ರವ್ವ ವಿಲೆ ಪಾರ್ಲೆಯ ಒಂದು ದೊಡ್ಡ ಬಿಲ್ಡಿಂಗಿನಲ್ಲಿ ಕಸ ಹೊಡೆಯುವ, ಸಂಡಾಸು ತೊಳೆಯುವ ಕೆಲಸಕ್ಕಿದ್ದಳು. ಅವಳ ಪಾಲಿನ ಮಹಡಿಯಲ್ಲಿ ಗಾಜಿನ ಗೂಡುಗಳ ಸಾಲು. ಒಂದೊಂದು ಗೂಡಿನಲ್ಲಿ ಒಬ್ಬೊಬ್ಬರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕಂಪ್ಯೂಟರಿನ ಜೊತೆ ಮಾತಾಡುತ್ತಾರೆ. ಅವರು ಡಾಕ್ಟರರಂತೆ ಅಂತ ಅವಳು ಕೇಳಿದ್ದಳು. ಯಾರ ಜೊತೆ ಮಾತಾಡುತ್ತಾರೆ ಅಂತ ಮಾತ್ರ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಇವಳು ಡಾಕ್ಟರ್ ಯಕ್ಷಿತಾ. ದಿನಾ ಅವಳ ಮೇಜು ಒರೆಸುವುದು ಚಂದ್ರವ್ವ. ಡಾಕ್ಟರ್ ಮಂಗಳೂರು ಕಡೆಯವಳು. ಚಹಾ ಮಾಡುವ ಪ್ಯಾಂಟ್ರಿಯಲ್ಲಿ ನಿಂತು ತಾಯಿಯ ಜೊತೆ ಫೋನಿನಲ್ಲಿ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಆಡುವುದನ್ನು ಚಂದ್ರವ್ವ ಎಷ್ಟು ಸಲ ಕೇಳಿಲ್ಲ.

ಚಂದ್ರವ್ವ ಮಗಳ ಭುಜದ ಮೇಲಿಂದ ಇಣುಕಿ ನಕ್ಕಳು. ಪರದೆಯಲ್ಲಿದ್ದವಳು ನಗಲಿಲ್ಲ. ಅವಳ ಕಣ್ಣು ಪಕ್ಕದ ಇನ್ನೇನನ್ನೋ ಓದುತ್ತಿತ್ತು.

"ಕೈಸೆ ಹೋ ಅಂಕಲ್?" ಅಂತ ಕೇಳಿದಳು.

ಹೇಗಿದ್ದೀ ಅಂತ ಯಾರಾದರೂ ಕೇಳಿದರೆ ಶೆಟ್ಟೆಪ್ಪನ ಕಡೆಯವರು ಮೊದಲು ಆರಾಮ ಅನ್ನುತ್ತಾರೆ. ಬಾಗಿಲಿಗೆ ಬಂದವರ ಮುಂದೆ ಬಂದ ಕೂಡಲೇ ಗೋಳು ಹೇಳಿಕೊಳ್ಳುವುದು ರೀತಿಯಲ್ಲ. ಆರಾಮ ಅನ್ನಬೇಕು, ಕೂರಿಸಬೇಕು, ಮಳೆ ಬೆಳೆ ಕೇಳಬೇಕು. ಆಮೇಲೆ ಮೆಲ್ಲಗೆ ಒಳಗಿನದು ಬರುತ್ತದೆ. ಶೆಟ್ಟೆಪ್ಪ ಬೆನ್ನು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು, ಅಚ್ಛಾ ಹೂಂ ಮೇಡಂ ಅಂದ. ಕೀಲಿಮಣೆ ಟಕಟಕ ಅಂದಿತು. ಅವನು ಹೇಳಿದ್ದನ್ನು ಅವಳು ಬರೆದುಕೊಂಡಳು.

ಆಮೇಲೆ ಬರುವುದು ಬರಲೇ ಇಲ್ಲ. ಜ್ವರ ಇದೆಯಾ, ಕೆಮ್ಮು ಇದೆಯಾ, ಹಸಿವು ಆಗುತ್ತದಾ ಅಂತ ಪ್ರಶ್ನೆಗಳು ಒಂದರ ಹಿಂದೆ ಒಂದು ಓಡಿಬಂದವು. ಸ್ನೇಹಲ್ ನಡುವೆ ಬಾಯಿ ಹಾಕಿ, ಅಪ್ಪನಿಗೆ ಉಸಿರು ಕಟ್ಟುತ್ತದೆ, ಕಾಲು ಬಾತಿದೆ ಅಂತ ಹಿಂದಿಯಲ್ಲಿ ಹೇಳಿದಳು. ಡಾಕ್ಟರ್ ಮೊದಲ ಸಲ ಕಣ್ಣೆತ್ತಿದಳು. ಕಾಲು ತೋರಿಸಿ ಅಂದಳು.

ಸ್ನೇಹಲ್ ಫೋನು ಕೆಳಗಿಳಿಸಲು ಹೋದಳು. ಶೆಟ್ಟೆಪ್ಪ ಎರಡೂ ಕಾಲನ್ನು ಸರಕ್ಕನೆ ಚಾದರದೊಳಗೆ ಎಳೆದುಕೊಂಡ.

"ಪಪ್ಪಾ, ಪೈರ್ ದಿಖಾವ್ ನಾ. ಡಾಕ್ಟರ್ ಕೇಳ್ತಾ ಇದಾರೆ."

"ಹುಚ್ಚಿ. ಕಲ್ತವರ ಮಾರಿಗೆ ಕಾಲು ತೋರಸ್ತಾರೇನ?" ಅಂದ ಅವನು ಪಿಸುದನಿಯಲ್ಲಿ. "ಹೆಣ್ಣಮಗಳದಾಳ. ತಗಿ ಅತ್ಲಾಗ."

ಇದನ್ನು ಕೇಳಿ ನಗುವವರು ನಗಲಿ. ಆ ಕಾಲುಗಳ ಕಥೆ ಅವರಿಗೇನು ಗೊತ್ತು. ಶೆಟ್ಟೆಪ್ಪ ಹುಡುಗನಾಗಿದ್ದಾಗ ಚಪ್ಪಲಿ ಕೈಯಲ್ಲಿ ಹಿಡಿದು ಊರೊಳಗಿನ ಓಣಿ ದಾಟಿದವನು. ಗೌಡರ ಕಟ್ಟೆಯ ಮುಂದೆ ಕಾಲು ಚಾಚಿ ಕೂತಿದ್ದಕ್ಕೆ ಅವನಪ್ಪ ಬಡಿಗೆ ತಿಂದಿದ್ದ. ಮನುಷ್ಯರ ಕಡೆ ಕಾಲು ಮಾಡಬಾರದು ಅನ್ನುವುದು ಅವನಿಗೆ ಎಲುಬಿನೊಳಗೆ ಕೂತ ಮಾತು. ಆಸ್ಪತ್ರೆಯಲ್ಲಾದರೆ ಬೆಂಚಿನ ಮೇಲೆ ಮಲಗಿಸುತ್ತಾರೆ, ಡಾಕ್ಟರ್ ತಾನೇ ಕಾಲ ಹತ್ತಿರ ಬರುತ್ತಾನೆ, ರೋಗಿ ಕಣ್ಣು ಮುಚ್ಚಿಕೊಂಡರೆ ಸಾಕು. ಇಲ್ಲಿ ಫೋನು ಅಂದರೇ ಮುಖ. ಆ ಮುಖದ ಎದುರಿಗೆ ತನ್ನ ಕಾಲನ್ನು ತಾನೇ ಎತ್ತಿ ಹಿಡಿಯಬೇಕು. ನಾಲಾದ ಕಾಲು. ಅವನಿಂದ ಆಗಲಿಲ್ಲ.

ಥೋಡಾ ಹೈ ಮೇಡಂ, ಕುಛ್ ನಹಿ, ಅಂತ ಹೇಳಿ ಕೈ ಮುಗಿದ. ಡಾಕ್ಟರ್ ಇನ್ನೊಮ್ಮೆ ಕೇಳಲಿಲ್ಲ. ಪೌಡರ್ ಹಚ್ಚಿದ ಮುಖ ನೋಡಿದಳು, ನೆಟ್ಟನೆ ಕೂತದ್ದು ನೋಡಿದಳು. ಉಪ್ಪು ಕಡಿಮೆ ತಿನ್ನಿ, ಕಾಲ ಕೆಳಗೆ ತಲೆದಿಂಬು ಇಟ್ಟುಕೊಳ್ಳಿ ಅಂದಳು. ಚಂದ್ರವ್ವ ಅಷ್ಟರಲ್ಲಿ ಬಾಯಿ ತೆರೆದು, ಯವ್ವಾ ನಾನು ನಿಮ್ಮ ಆಫೀಸಿನಾಗ, ಅನ್ನುವಷ್ಟರಲ್ಲಿ ಪರದೆ ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ಭೀಮರಾಯನ ಫೋನಿಗೂ ಸ್ನೇಹಲ್ ಫೋನಿಗೂ ಒಂದೇ ಸಂದೇಶ ಬಂತು. ಫಿಟ್.

ಚಂದ್ರವ್ವ ಗಂಡನನ್ನು ಬೈದಳು. ಕಾಲು ತೋರಿಸದೆ ಯಾವ ದೊಡ್ಡಸ್ತಿಕೆ ಮಾಡಿದಿರಿ ಅಂತ ಬೈದಳು. ಬೈಯುತ್ತಲೇ ಪೌಡರ್ ಹಚ್ಚಿದ್ದು ತಾನೇ ಅನ್ನುವುದು ನೆನಪಾಗಿ ಬಾಯಿ ಮುಚ್ಚಿತು. ಸ್ನೇಹಲ್ ಮೂಲೆಯಲ್ಲಿ ಕೂತು ಅಳುತ್ತಿದ್ದಳು.

ಶೆಟ್ಟೆಪ್ಪ ಮತ್ತೆ ನಾಲಾಗೆ ಇಳಿದ. ಬೂಟು ಹಿಡಿಸಲಿಲ್ಲ, ಬರಿಗಾಲಲ್ಲಿ ಇಳಿದ. ಶುಕ್ರವಾರ ಬುಟ್ಟಿ ಎತ್ತಿ ಕೊಡುವಾಗ ಕಣ್ಣಿಗೆ ಕತ್ತಲೆ ಬಂದು ಬಿದ್ದ. ಮೇಲೆ ನಿಂತಿದ್ದ ಜೊತೆಯ ಆಳು ಈರಣ್ಣ ಹಾರಿ ಅವನ ಕೊರಳಪಟ್ಟಿ ಹಿಡಿದು ಎತ್ತದೆ ಹೋಗಿದ್ದರೆ ಹೂಳಿನಲ್ಲೇ ಮುಗಿಯುತ್ತಿತ್ತು. ಬಾಯಿ ಮೂಗಿನ ತುಂಬ ಕೆಸರು. ದಂಡೆಯ ಮೇಲೆ ಮಲಗಿಸಿದರೆ ಉಸಿರು ಕಟ್ಟುತ್ತಿತ್ತು, ಎಬ್ಬಿಸಿ ಕೂರಿಸಿದರೆ ಬರುತ್ತಿತ್ತು. ಭೀಮರಾಯ ಬಂದು ನೋಡಿ, ಡಾಕ್ಟರ್ ಫಿಟ್ ಅಂದದ್ದನ್ನು ಫೋನಿನಲ್ಲಿ ತೆಗೆದು ತೋರಿಸಿದ. ಬಿದ್ದವನಿಗೆ ತೋರಿಸಿದ, ನೋಡಿ.

"ಸೋಮವಾರ ರಸ್ತೆದ ಬುಡಕಿನ ಮೋರಿ ಐತಿ," ಅಂದ. "ಒಳಗ ಬಗ್ಗಿ ಹೋಗಬೇಕು. ಶೆಟ್ಟೆಪ್ಪ ಸಣ್ಣ ಆಳು, ಅವನ ಹೋಗ್ತಾನ. ಆಗಂಗಿಲ್ಲಂದ್ರ ಹೆಸರು ತಗೀತೀನಿ."

ಇನ್ನೊಂದು ಸಲ ಡಾಕ್ಟರ ನಂಬರು ಒತ್ತು ಅಂತ ಈರಣ್ಣ ಕೇಳಿದ. ಒಂದು ಸಲ ನೋಡಿ ಆಗಿದೆಯಲ್ಲ ಅಂದ ಭೀಮರಾಯ.

ಮೋರಿಯೆಂದರೆ ತಲೆಯ ಮೇಲೆ ರಸ್ತೆ, ಕೆಳಗೆ ಹೊಲಸು, ನಡುವೆ ಗಾಳಿ ಇಲ್ಲ. ಮಲಗಿದರೆ ಉಸಿರು ಕಟ್ಟುವ ಮನುಷ್ಯ ಅದರೊಳಗೆ ಬಗ್ಗಿ ಹೋದರೆ ಹೊರಗೆ ಬರುವುದು ಹೆಣವೇ. ಈರಣ್ಣ ಬಂದು ಹೇಳಿ ಹೋದ ಮೇಲೆ ಚಂದ್ರವ್ವ ಅನ್ನಕ್ಕಿಟ್ಟ ನೀರು ಕುದ್ದು ಆರುವವರೆಗೂ ಅಕ್ಕಿ ಹಾಕದೆ ಕೂತಳು. ನಾ ಹೋಗ್ತೀನಿ, ಖಾಯಂ ಆಗೂ ಹೊತ್ತಿನಾಗ ಹೆಸರು ಹೋಗಬಾರದು ಅಂದ ಶೆಟ್ಟೆಪ್ಪ. ಹೆಸರು ಉಳಿದು ಮನುಷ್ಯ ಹೋದರೆ ಖಾಯಂ ಆಗುವುದು ಯಾರು ಅಂತ ಅವಳು ಕೇಳಿದಳು.

ಶನಿವಾರ ಬೆಳಿಗ್ಗೆ ಅವಳು ಗಂಡನಿಗೆ ಗಡ್ಡ ಹೆರೆಸಲಿಲ್ಲ, ಪೌಡರ್ ಹಚ್ಚಲಿಲ್ಲ. ಇದ್ದ ಹಾಗೇ ಎಬ್ಬಿಸಿ ಕರೆದುಕೊಂಡು ಹೊರಟಳು. ಲೋಕಲ್ಲಿನಲ್ಲಿ ಬಾಗಿಲ ಹತ್ತಿರ ಕೂರಿಸಿದಳು. ಜನ ಕಾಲು ಎತ್ತಿ ದಾಟಿ ಹೋದರು. ವಿಲೆ ಪಾರ್ಲೆಯಲ್ಲಿ ಇಳಿದು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಬಿಲ್ಡಿಂಗಿನ ಹಿಂದಿನ ಗೇಟಿನ ಹತ್ತಿರ ಅವನನ್ನು ಒಂದು ಕಲ್ಲಿನ ಮೇಲೆ ಕೂರಿಸಿ ಮೇಲೆ ಹೋದಳು.

ಅವಳು ನೆಲ ಒರೆಸಿ ಮುಗಿಸುವ ಹೊತ್ತಿಗೆ ಡಾಕ್ಟರ್ ಯಕ್ಷಿತಾ ಪ್ಯಾಂಟ್ರಿಯಲ್ಲಿ ಚಹಾ ಹಿಡಿದು ನಿಂತಿದ್ದಳು. ಚಂದ್ರವ್ವ ಪೊರಕೆ ಗೋಡೆಗೆ ಒರಗಿಸಿ ಕೈ ಮುಗಿದು ಹೇಳಿದಳು. ರವಿವಾರ ನೋಡಿದಿರಲ್ಲ, ಗುಲಾಬಿ ಗೋಡೆ, ಅವನು ನನ್ನ ಗಂಡ, ನಾನೂ ಅಲ್ಲೇ ಇದ್ದೆ. ಡಾಕ್ಟರ್ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದಳು. ದಿನಕ್ಕೆ ಎಷ್ಟೋ ಮುಖ ಬರುತ್ತವೆ, ನೆನಪಿಲ್ಲ ಅಂದಳು. ಪರದೆಯ ಮುಖ ನೆನಪಿಲ್ಲದಿದ್ದರೆ ಹೋಗಲಿ, ದಿನಾ ತನ್ನ ಮೇಜು ಒರೆಸುವ ಮುಖವೂ ಅವಳಿಗೆ ಆವತ್ತೇ ಮೊದಲ ಸಲ ಕಂಡ ಹಾಗಿತ್ತು. ಚಂದ್ರವ್ವ ಸಿಟ್ಟು ನುಂಗಿ ಉಳಿದದ್ದನ್ನು ಹೇಳಿದಳು. ಬಿದ್ದದ್ದು, ಸೋಮವಾರದ ಮೋರಿ, ಎಲ್ಲ ಹೇಳಿದಳು. ಗೇಟಿನ ಹತ್ತಿರ ಕೂತಿದ್ದಾನೆ, ಒಂದು ಗಳಿಗೆ ಇಳಿದು ಬಂದು ಮುಟ್ಟಿ ನೋಡಿ ಅಂದಳು.

"ನಂಗೆ ಅಲೋವ್ ಇಲ್ಲ ಆಂಟಿ," ಅಂದಳು ಡಾಕ್ಟರ್. ಅವಳ ಕನ್ನಡ ತಡವರಿಸುತ್ತಿತ್ತು. "ಇಲ್ಲಿ ನಾವು ಪೇಶೆಂಟ್‌ನ ಮುಟ್ಲಿಕ್ಕೆ ಇಲ್ಲ. ರೂಲ್ ಉಂಟು. ನೀವು ಪುನಃ ಕಾಲ್ ಬುಕ್ ಮಾಡಿ, ಪ್ಲೀಸ್."

ಮುಕಾದಮ್ ಒತ್ತುವುದಿಲ್ಲ ಅಂತ ಚಂದ್ರವ್ವ ಹೇಳುತ್ತಿರುವಾಗಲೇ ಡಾಕ್ಟರಳ ಗೂಡಿನ ಕಂಪ್ಯೂಟರ್ ಕೂಗಿತು. ಡಾಕ್ಟರ್ ಚಹಾ ಅರ್ಧಕ್ಕೇ ಇಟ್ಟು ಓಡಿದಳು. ಕರೆ ಕಾಯಿಸಿದರೆ ಅವಳ ಸಂಬಳಕ್ಕೂ ಕತ್ತರಿ ಬೀಳುತ್ತದೆ ಅನ್ನುವುದು ಚಂದ್ರವ್ವನಿಗೆ ಗೊತ್ತು. ಗೊತ್ತಿದ್ದು ಏನು ಮಾಡುವುದು. ಡಾಕ್ಟರಳ ಸಂಬಳ ಕತ್ತರಿಸಿದರೆ ಮುಂದಿನ ತಿಂಗಳು ಮತ್ತೆ ಬರುತ್ತದೆ.

ಚಂದ್ರವ್ವ ಆ ಅರ್ಧ ಚಹಾ ಚೆಲ್ಲಿದಳು, ಕಪ್ಪು ತೊಳೆದು ಬೋರಲು ಹಾಕಿದಳು. ಅವಳಿಗೆ ಅವಳ ಅಪ್ಪ ನೆನಪಾದ. ಊರಿನ ವೈದ್ಯ ಕೇರಿಗೆ ಬರುತ್ತಿರಲಿಲ್ಲ. ಕೇರಿಯವರು ಅವನ ಕಟ್ಟೆಯ ಕೆಳಗೆ ದೂರ ನಿಂತು ಬೇನೆ ಹೇಳಬೇಕು. ಅವನು ನಾಡಿ ಹಿಡಿಯುತ್ತಿರಲಿಲ್ಲ, ಮುಖ ನೋಡಿ ಹೇಳುತ್ತೇನೆ ಅನ್ನುತ್ತಿದ್ದ. ಮಾತ್ರೆಯನ್ನು ಮೇಲಿನಿಂದ ಬೊಗಸೆಗೆ ಉದುರಿಸುತ್ತಿದ್ದ. ಅಪ್ಪ ಹಾಗೇ ಸತ್ತ, ಬೊಗಸೆ ಒಡ್ಡಿ ಒಡ್ಡಿ. ಚಂದ್ರವ್ವ ಮುಂಬೈಗೆ ಬಂದ ಮೇಲೆ ಸ್ನೇಹಲ್ ಹುಟ್ಟುವಾಗ ಸರಕಾರಿ ಆಸ್ಪತ್ರೆಯಲ್ಲಿ ಯಾರೋ ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡು ಕೂತಿದ್ದಳು. ಜಾತಿ ಕೇಳಲಿಲ್ಲ. ಬೆವರು ಒರೆಸಿದಳು. ಸತ್ತರೂ ಈ ಊರಲ್ಲೇ ಸಾಯುತ್ತೇನೆ ಅಂತ ಚಂದ್ರವ್ವ ಆವತ್ತು ಅಂದುಕೊಂಡಿದ್ದಳು.

ಅವಳು ಕೆಳಗೆ ಹೋದಳು.

ಮುಂಬಾಗಿಲ ಲಿಫ್ಟಿಗೆ ವಾಚ್‌ಮನ್ ಬಿಡುವುದಿಲ್ಲ. ಕಸದ ಲಿಫ್ಟಿಗೆ ಯಾರೂ ಕೇಳುವುದಿಲ್ಲ. ಕಸದ ಡಬ್ಬಿಗಳ ನಡುವೆ ಬಕೆಟ್ಟು ಬೋರಲು ಹಾಕಿ ಗಂಡನನ್ನು ಕೂರಿಸಿದಳು. ಅವನು ಬ್ಯಾಡ ಚಂದ್ರಿ, ನಿನ್ನ ಕೆಲಸ ಹೋಗ್ತೈತಿ ಅನ್ನುತ್ತಲೇ ಇದ್ದ. ಅವಳು ಗುಂಡಿ ಒತ್ತಿದಳು.

ಮಹಡಿಯ ಬಾಗಿಲು ತೆರೆದಾಗ ಬಿಳಿ ನೆಲ, ತಣ್ಣನೆ ಗಾಳಿ. ಆ ನೆಲವನ್ನು ಅವಳು ಆಗಷ್ಟೇ ಒರೆಸಿದ್ದಳು. ಶೆಟ್ಟೆಪ್ಪ ಬರಿಗಾಲಿಡಲು ಹೆದರಿ ನಿಂತ. ಅವಳು ರಟ್ಟೆ ಹಿಡಿದು ನಡೆಸಿದಳು. ಗಾಜಿನ ಗೂಡುಗಳೊಳಗಿನ ಮುಖಗಳು ಒಂದೊಂದಾಗಿ ತಿರುಗಿದವು. ಮಹಡಿಯ ಮ್ಯಾನೇಜರ್ ದೇವಾನಂದ ಓಡಿ ಬಂದ. ಇವನು ಯಾರು, ಇಲ್ಲಿ ಪೇಶೆಂಟ್ ಬರುವ ಹಾಗಿಲ್ಲ, ಇದು ದವಾಖಾನೆ ಅಲ್ಲ ಅಂತ ಹಿಂದಿಯಲ್ಲಿ ಕೂಗಿದ. ಇಷ್ಟೊಂದು ಡಾಕ್ಟರರು ಇರುವ ಜಾಗ ದವಾಖಾನೆ ಅಲ್ಲದಿದ್ದರೆ ಮತ್ತೇನು ಅಂತ ಚಂದ್ರವ್ವ ಕೇಳಿದಳು. ಶೆಟ್ಟೆಪ್ಪನ ಉಸಿರು ಸಿಳ್ಳು ಹಾಕುತ್ತಿತ್ತು. ಅದು ದೇವಾನಂದನಿಗೂ ಕೇಳಿಸಿತು. ಇಲ್ಲೇ ಏನಾದರೂ ಆದರೆ ತನ್ನ ತಲೆಗೆ ಬರುತ್ತದೆ ಅಂತ ಅವನು ಹೆದರಿರಬೇಕು. ಅವನೊಂದು ದಾರಿ ಹುಡುಕಿದ.

ಏನು ದಾರಿ ಅಂದರೆ, ಶೆಟ್ಟೆಪ್ಪ ಗಾಜಿನ ಹೊರಗೆ ಕೂರಬೇಕು. ಡಾಕ್ಟರ್ ಯಕ್ಷಿತಾ ಗಾಜಿನ ಒಳಗಿಂದ ಅವನಿಗೆ ಕಾಲ್ ಮಾಡುತ್ತಾಳೆ. ಆಗ ಅದು ರೂಲಿನ ಪ್ರಕಾರವೇ ಆಗುತ್ತದೆ. ನಂಬರು ಅವನೇ ಮೇಲಿನವರಿಗೆ ಹೇಳಿ ಒತ್ತಿಸಿದ. ಮುಕಾದಮನ ಒಪ್ಪಿಗೆಯೇ ಬೇಕಾಗಲಿಲ್ಲ. ಭೀಮರಾಯನ ಕಾಲು ಹಿಡಿದದ್ದೆಲ್ಲ ಸುಳ್ಳಿಗೇ.

ಸೋಫಾ ಬಿಳಿ ಬಟ್ಟೆಯದು, ಅದರ ಮೇಲೆ ಬೇಡ ಅಂದ ದೇವಾನಂದ. ಶೆಟ್ಟೆಪ್ಪ ನೆಲದ ಮೇಲೆ ಗಾಜಿಗೆ ಮುಖ ಮಾಡಿ ಕೂತ. ಸ್ನೇಹಲ್ ಕೊಟ್ಟು ಕಳಿಸಿದ್ದ ಫೋನು ಚಂದ್ರವ್ವನ ಕೈಯಲ್ಲಿತ್ತು. ಅದು ಬಡಿದುಕೊಂಡಿತು. ಎತ್ತಿದಳು. ಗಾಜಿನ ಆಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಡಾಕ್ಟರಳ ತುಟಿ ಅಲ್ಲಾಡಿತು. ಸ್ವಲ್ಪ ತಡವಾಗಿ ಫೋನಿನಿಂದ ದನಿ ಬಂತು. ಅಂಕಲ್, ಪೈರ್ ದಿಖಾಯಿಯೇ.

ಶೆಟ್ಟೆಪ್ಪ ಗಾಜಿನೊಳಗಿನ ಮುಖ ನೋಡಿದ. ಫೋನಿನ ಮುಖ ನೋಡಿದ. ಈಗ ಒಂದಲ್ಲ, ಎರಡು ಮುಖ. ಅವನು ಕಾಲು ಮಡಚಿ ಪ್ಯಾಂಟಿನ ತುದಿ ಎಳೆದು ಮುಚ್ಚಿಕೊಂಡ. ಮುಚ್ಚಲು ಬಗ್ಗಿದ್ದಕ್ಕೇ ಅವನ ಮುಖ ಕಪ್ಪಿಟ್ಟಿತು. ಚಂದ್ರವ್ವ ಫೋನು ಹಿಡಿದು ಗಾಜಿನ ಹತ್ತಿರ ನಿಂತಿದ್ದಳು. ಅವಳು ಆ ಗಾಜನ್ನು ದಿನಾ ಒರೆಸುತ್ತಾಳೆ. ಒಳಗಿದ್ದವರಿಗೆ ಗಾಜು ಇದೆಯೆಂದೇ ತಿಳಿಯಬಾರದು, ಅಷ್ಟು ಸ್ವಚ್ಛ ಇರಬೇಕು ಅಂತ ಆರ್ಡರು.

"ಪೈರ್ ದಿಖಾಯಿಯೇ," ಅಂತ ಮತ್ತೆ ದನಿ ಬಂತು. ಕ್ಯಾಮೆರಾ ಕೆಳಗೆ ಮಾಡು ಅಂತ ದೇವಾನಂದ ಅವಳ ಮೊಣಕೈ ತಿವಿದ.

ಸಾಕು ಅನ್ನಿಸಿತು ಅವಳಿಗೆ.

ಫೋನನ್ನು ನೆಲದ ಮೇಲೆ ಬೋರಲು ಇಟ್ಟಳು. ಗಾಜಿನ ಬಾಗಿಲು ತಳ್ಳಿದಳು. ಡಾಕ್ಟರ್ ಕಿವಿಯ ಯಂತ್ರ ತೆಗೆಯುವುದರೊಳಗೆ ಅವಳ ಮಣಿಕಟ್ಟು ಹಿಡಿದಳು. ಸಂಡಾಸು ತೊಳೆಯುವ ಕೈ ಡಾಕ್ಟರಳ ಕೈಯನ್ನು ಹಿಡಿಯಿತು. ದೇವಾನಂದ ಏ ಏ ಅಂತ ಕೂಗಿದ.

"ಅವರು ತೋರಸಂಗಿಲ್ಲ," ಅಂದಳು ಚಂದ್ರವ್ವ. ಅವಳ ದನಿ ಏರಲಿಲ್ಲ. "ಹುಟ್ಟಿದಾಗಿಂದ ಆ ಕಾಲು ಮುಚ್ಚಿಕೋರಿ ಅಂತ ಹೇಳ್ಯಾರ. ಈಗ ಎತ್ತಿ ಮಾರಿಗೆ ಹಿಡಿರಿ ಅಂದ್ರ ಹ್ಯಾಂಗ ಹಿಡೀಬೇಕ್ರಿ? ಈ ಊರಿನ ಹೊಲಸಿನಾಗ ನಿಂತು ಬಾತೈತಿ ಅದು. ನೀವ ಬಗ್ಗಿ ನೋಡ್ರಿ."

ಡಾಕ್ಟರ್ ಮೇಲೆ ಛಾವಣಿಯ ಕ್ಯಾಮೆರಾ ನೋಡಿದಳು. ದೇವಾನಂದನನ್ನು ನೋಡಿದಳು. ಅವಳ ಕಂಪ್ಯೂಟರಿನಲ್ಲಿ ಮುಂದಿನ ಯಾರೋ ಕಾಯುತ್ತಿದ್ದ, ಹಲೋ ಹಲೋ ಅನ್ನುತ್ತಿದ್ದ. ಚಂದ್ರವ್ವ ಬಿಡಲಿಲ್ಲ. ಬಡವರ ಸಿಟ್ಟು ದವಡೆಗೆ ಮೂಲ ಅಂತ ಅವಳೂ ಕೇಳಿ ಬೆಳೆದವಳೇ. ದವಡೆ ಹೋದರೆ ಹೋಗಲಿ ಅಂತ ಎಳೆದಳು. ಎಳೆದ ಮೇಲೆ ಡಾಕ್ಟರ್ ತಾನಾಗಿಯೇ ಬಂದಳೋ, ಎಳೆಸಿಕೊಂಡು ಬಂದಳೋ, ಹೇಳುವುದು ಕಷ್ಟ. ಗಾಜಿನ ಹೊರಗೆ ಬಂದು ಶೆಟ್ಟೆಪ್ಪನ ಎದುರು ನೆಲಕ್ಕೆ ಮೊಳಕಾಲೂರಿದಳು.

ಶೆಟ್ಟೆಪ್ಪ ಹಿಂದೆ ಸರಿದ.

"ಮುಟ್ಟಬ್ಯಾಡ್ರಿ ಮೇಡಂ, ಹೊಲಸ ಐತಿ."

ಚಂದ್ರವ್ವ ಅವನ ಭುಜ ಒತ್ತಿ ಹಿಡಿದಳು. ಬಲಗಾಲಿನ ಪ್ಯಾಂಟು ಮೊಳಕಾಲಿನವರೆಗೆ ಏರಿಸಿದಳು. ಡಾಕ್ಟರ್ ಹೆಬ್ಬೆರಳು ಇಟ್ಟು ಒತ್ತಿದಳು. ತೆಗೆದಳು. ಕುಳಿ ನಿಂತಿತು. ಅದಕ್ಕಿಂತ ಮೇಲೆ ಒತ್ತಿದಳು, ಅಲ್ಲೂ ನಿಂತಿತು. ಕೈ ಹಿಡಿದು ನಾಡಿ ನೋಡಿದಳು. ಕೊರಳು ತಿರುಗಿಸಿ ನರ ನೋಡಿದಳು. ಯಾರ ಹತ್ತಿರವಾದರೂ ಸ್ಟೆಥಸ್ಕೋಪ್ ಇದೆಯಾ ಅಂತ ತಿರುಗಿ ಕೇಳಿದಳು. ಗೂಡುಗಳಿಂದ ಎದ್ದು ಬಂದು ನಿಂತಿದ್ದ ಡಾಕ್ಟರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ದೊಡ್ಡ ಮಹಡಿಯಲ್ಲಿ ಒಂದೂ ಇರಲಿಲ್ಲ. ಅವಳು ಶೆಟ್ಟೆಪ್ಪನ ಬೆನ್ನಿಗೆ ನೇರ ಕಿವಿ ಇಟ್ಟಳು. ನಾಲಾದ ವಾಸನೆ ಹೋಗದ ಆ ಬೆನ್ನಿಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದಳು.

"ರಾತ್ರಿ ಹೇಗೆ ಮಲಗ್ತೀರಿ?" ಅಂತ ಕೇಳಿದಳು. ಕನ್ನಡದಲ್ಲಿ ಕೇಳಿದಳು.

ಶೆಟ್ಟೆಪ್ಪ ಬಾಯಿ ತೆರೆದ. ಮೊದಲು ಉಸಿರಷ್ಟೇ ಬಂತು. ಆಮೇಲೆ ಮಾತು ಬಂತು. ಮಲಗುವುದಿಲ್ಲ, ಗೋಡೆಗೆ ಒರಗಿ ಕೂರುತ್ತೇನೆ ಅಂದ. ಮಲಗಿದರೆ ನೀರಿನೊಳಗೆ ಮುಳುಗಿದ ಹಾಗಾಗುತ್ತದೆ ಅಂದ. ಚಳಿಗಾಲದಿಂದಲೂ ಹೀಗೇ ಇದೆ, ಎದೆ ಹಿಡಿಯುತ್ತದೆ, ಹೆಂಡತಿಗೆ ಹೇಳಿಲ್ಲ ಅಂದ. ಚಂದ್ರವ್ವನ ಕೈ ಅವನ ಭುಜದ ಮೇಲೆ ಗಟ್ಟಿಯಾಯಿತು. ಡಾಕ್ಟರ್ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು.

ಆಮೇಲೆ ಎದ್ದು ದೇವಾನಂದನಿಗೆ ಹೇಳಿದಳು. ಈ ಮನುಷ್ಯ ಕೆಲಸಕ್ಕೆ ಹೋಗುವ ಹಾಗಿಲ್ಲ, ಈಗಲೇ ಆಸ್ಪತ್ರೆಗೆ ಸೇರಿಸಬೇಕು, ಹಾರ್ಟ್ ಸೋತಿದೆ, ಆಂಬುಲೆನ್ಸ್ ಕರೆಸಿ. ರವಿವಾರ ನಾನು ಫಿಟ್ ಅಂತ ಹಾಕಿದ್ದು ತಪ್ಪು, ಅದನ್ನು ತೆಗೆದು ಬರೆಯುತ್ತೇನೆ. ದೇವಾನಂದ ಆಗುವುದಿಲ್ಲ ಅಂದ. ಕಾಲ್ ಕಟ್ಟಾಗಿದೆ, ಮುಟ್ಟಿ ನೋಡಿದ್ದಕ್ಕೆ ಸಿಸ್ಟಮಿನಲ್ಲಿ ಜಾಗ ಇಲ್ಲ, ಕಂಪನಿಯ ಹೆಸರಿನಲ್ಲಿ ಬರೆದರೆ ನಿಮ್ಮ ಕೆಲಸ ನನ್ನ ಕೆಲಸ ಎರಡೂ ಹೋಗುತ್ತವೆ ಅಂದ.

"ನನ್ನ ಹೆಸರಲ್ಲಿ ಬರೀತೇನೆ," ಅಂದಳು ಡಾಕ್ಟರ್.

ಅದನ್ನು ಕಂತ್ರಾಟುದಾರ ಒಪ್ಪುತ್ತಾನೋ ಇಲ್ಲವೋ, ಭೀಮರಾಯ ಹೆಸರು ತೆಗೆಯುತ್ತಾನೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ದೇವಾನಂದ ಫೋನಿನಲ್ಲಿ ಸೆಕ್ಯೂರಿಟಿಯನ್ನು ಕರೆದ. ಇಬ್ಬರು ವಾಚ್‌ಮನ್‌ಗಳು ಬಂದರು. ಒಬ್ಬ ಚಂದ್ರವ್ವನ ಕೊರಳಿಗಿದ್ದ ಕಾರ್ಡು ಕಿತ್ತುಕೊಂಡ. ಇನ್ನೊಬ್ಬ ಅವಳ ರಟ್ಟೆ ಹಿಡಿದು, ಚಲ್ ಬಾಯಿ, ನೀಚೆ ಚಲ್ ಅಂತ ಎಳೆದ. ಅವಳು ಹೋಗಲಿಲ್ಲ. ಗಂಡನ ಪಕ್ಕ, ತಾನೇ ಒರೆಸಿದ ಆ ಬಿಳಿ ನೆಲದ ಮೇಲೆ, ಕಾಲು ಚಾಚಿ ಕೂತುಬಿಟ್ಟಳು. ವಾಚ್‌ಮನ್ ಮತ್ತೆ ಎಳೆದ. ಅವಳು ಅವನ ಕಡೆ ನೋಡಲೂ ಇಲ್ಲ. ಶೆಟ್ಟೆಪ್ಪನ ಪ್ಯಾಂಟಿನ ಎಡಗಡೆ ತುದಿ ಹಿಡಿದು ಮೊಳಕಾಲಿನವರೆಗೆ ಏರಿಸಿದಳು.

"ಇನ್ನೊಂದ ಕಾಲೂ ನೋಡ್ರಿ ಡಾಕ್ಟ್ರ," ಅಂದಳು.